ಬೋಳು ಕುತ್ತಿಗೆಯ ಕೋಳಿ ಕೊಟ್ಟು ತಂದ ಚೆಂಡು

ಆಗಿನ ಕಾಲಕ್ಕೆ ಆ ಚೆಂಡಿಗೆ ನಾನು ಕೊಟ್ಟ ಬೆಲೆ ಒಂದು ಕೋಳಿ. ಅಂಥಿಂಥ ಕೋಳಿಯಲ್ಲ, ಮೊಟ್ಟೆಗೆ ಬಿದ್ದ ಜವಾರಿ ಕೋಳಿ. ಕೆಂಪು ಗರಿ, ಬೋಳು ಕುತ್ತಿಗೆ. ಮರಿ ಇದ್ದಾಗಿನಿಂದ ನುಚ್ಚು ಹಾಕಿ ನಾನೇ ಬೆಳೆಸಿದ್ದೆ. ಅದರ ಮೊಟ್ಟೆ ಮಾರಿದ್ದೇ ನನ್ನ ಬದುಕಿನ ಮೊದಲ ವ್ಯಾಪಾರ. ಚೆಂಡು ಹೇಗಿತ್ತೆಂದರೆ, ಒಂದು ಕಡೆ ಹೊಲಿಗೆ ಬಿಚ್ಚಿ, ಒದೆ ತಿಂದು ತಿಂದು ಕುಂಬಳಕಾಯಿಯ ಹಾಗೆ ಸೊಟ್ಟಗಾಗಿತ್ತು.

ಈಗ ಭಾಲ್ಕಿಯಲ್ಲಿ ನನ್ನದೊಂದು ಅಂಗಡಿ ಇದೆ. ಮನೆ ಕೆಡವುವವರಿಂದ ಹಳೇ ಬಾಗಿಲು, ಕಿಟಕಿ, ತೊಲೆ ಕೊಂಡು ಮಾರುತ್ತೇನೆ. ಸಾಗವಾನಿಗೂ ಬಣ್ಣ ಬಳಿದ ಬೇವಿಗೂ ಇರುವ ಫರಕು ಉಗುರಿನಿಂದ ಕೆರೆದರೆ ಸಾಕು, ತಿಳಿಯುತ್ತದೆ. ಆದರೆ ಆ ಕೋಳಿ-ಚೆಂಡಿನ ವ್ಯವಹಾರದಲ್ಲಿ ನನಗೆ ಲಾಭವಾಯಿತೋ ಲುಕ್ಸಾನಾಯಿತೋ, ಎಷ್ಟು ಕೆರೆದರೂ ತಿಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಆಗ ಒಂಬತ್ತು ವರ್ಷ. ಬೀದರಿನ ಮಿಶನ್ ಕಂಪೌಂಡಿನಲ್ಲಿ ನಮ್ಮ ಮನೆ. ಅವ್ವ ದವಾಖಾನೆಯಲ್ಲಿ ನರ್ಸು. ಅಣ್ಣ ಶಾಂತುಗೆ ಹದಿನಾರು. ಕಂಪೌಂಡಿನ ಹುಡುಗರು ಆಡುತ್ತಿದ್ದದ್ದು ಫುಟ್‌ಬಾಲು. ಮೈದಾನ ಎಂದರೆ ಬರೀ ಕೆಮ್ಮಣ್ಣು. ಆಡಿ ಬಂದವರ ಬನಿಯನ್ನು ಎಷ್ಟು ಒಗೆದರೂ ಬಿಳಿಯಾಗುತ್ತಿರಲಿಲ್ಲ. ಬನಿಯನ್ನಿನ ಬಣ್ಣ ನೋಡಿಯೇ ಯಾರು ಎಷ್ಟು ಬಿದ್ದಿದ್ದಾರೆ ಎಂದು ಅವ್ವಂದಿರು ಹೇಳಿಬಿಡುತ್ತಿದ್ದರು.

ನಮ್ಮ ಟೀಮಿನ ಸೆಂಟರ್ ಹಾಫ್ ಪ್ರೇಮದಾಸ ಮಾಸ್ತರ. ನಡುವೆ ನಿಂತು, ಹಿಂದಿನವರಿಂದ ಚೆಂಡು ತಗೊಂಡು ಮುಂದಿನವರಿಗೆ ಹಂಚುವುದು ಅವರ ಕೆಲಸ. ಆ ಜಾಗ ಕೆಟ್ಟರೆ ಆಟವೇ ಕೆಟ್ಟಂತೆ. ಸೀತಾಫಲದ ಕಾಲದಲ್ಲಿ ಅವರ ಕಾಲು ಉಳುಕಿತು. ಭಾಲ್ಕಿಯವರ ಜೊತೆಗಿನ ಮ್ಯಾಚಿಗೆ ಮೂರೇ ದಿನವಿತ್ತು. ಟೀಮು ನೋಡಿಕೊಳ್ಳುತ್ತಿದ್ದ ಡ್ರಿಲ್ ಮಾಸ್ತರರು ಬೇರೆ ದಾರಿ ಇಲ್ಲದೆ ಶಾಂತು ಅಣ್ಣನನ್ನು ಆ ಜಾಗಕ್ಕೆ ನಿಲ್ಲಿಸಿದರು.

ಶನಿವಾರದ ಮ್ಯಾಚು. ಎರಡೂ ಕಡೆ ಒಂದೊಂದು ಗೋಲು. ಇನ್ನೇನು ಸೀಟಿ ಊದುತ್ತಾರೆ ಎನ್ನುವಾಗ ಚೆಂಡು ಅಣ್ಣನ ಕಾಲಿಗೆ ಬಂತು. ಭಾಲ್ಕಿಯ ಇಬ್ಬರು ಧಡೂತಿ ಆಟಗಾರರು ಅವನ ಮೇಲೆ ನುಗ್ಗಿದರು. ಅಣ್ಣ ತಲೆ ತಗ್ಗಿಸಿಕೊಂಡೇ ಎಡಗಾಲಿನಿಂದ ಒದ್ದ. ಚೆಂಡು ಗಾಳಿಯಲ್ಲಿ ಹಾರಿ ಎಡಕ್ಕೆ ಬಿತ್ತು. ಅಲ್ಲಿ ಎಲ್ಲಿಂದಲೋ ನಮ್ಮ ರಶೀದ ಓಡಿ ಬಂದವನು ಗೋಲು ಹೊಡೆದ. ಗೆದ್ದೆವು.

ನಾನು ಕುಣಿಯುತ್ತಾ ಚರ್ಚಿನ ಪಾವಟಿಗೆಗಳ ಹತ್ತಿರ ಓಡಿದೆ. ಪ್ರತಿ ಮ್ಯಾಚಿನ ನಂತರ ದೊಡ್ಡವರೆಲ್ಲ ಆ ಮೆಟ್ಟಿಲುಗಳ ಮೇಲೇ ಕೂಡುವುದು. ಅಣ್ಣನನ್ನು ಹೊತ್ತು ಮೆರೆಸುತ್ತಾರೆ ಅಂದುಕೊಂಡಿದ್ದೆ. ಅಲ್ಲಿ ಜಗಳ ನಡೆದಿತ್ತು.

"ಹುಡುಗ ತಲಿ ಎತ್ತಿದ್ದೇ ನಾ ನೋಡಿಲ್ಲ," ಎನ್ನುತ್ತಿದ್ದರು ದೇವಪ್ಪ ಕಾಕಾ. ದವಾಖಾನೆಯ ಹಳೇ ಕಂಪೌಂಡರ್ ಅವರು, ನಮ್ಮ ಪಕ್ಕದ ಮನೆಯವರು. "ಇಬ್ಬರು ಮೈಮ್ಯಾಲ ಬಂದ್ರು, ಅಂಜಿ ಒದ್ದ. ಹೊರಗ ಹೋಗೋ ಚೆಂಡು ರಶೀದನ ಕಾಲಿಗಿ ಬಿತ್ತು. ಇದಕ್ಕ ಆಟ ಅಂತಾರೇನು? ನಸೀಬ ಅಂತಾರ."

"ಹಂಗಲ್ರಿ ಕಾಕಾ," ಎಂದ ಹೋಟೆಲ್ ಬಸಣ್ಣ. ಗೇಟಿನ ಹೊರಗೆ ಅವನ ಭಜಿ ಹೋಟೆಲು. ಲಿಂಗ ಕಟ್ಟಿದ ಮನುಷ್ಯನಾದರೂ ಕಂಪೌಂಡಿನ ಒಂದು ಮ್ಯಾಚೂ ತಪ್ಪಿಸಿದವನಲ್ಲ. "ಹುಡುಗ ಚೆಂಡು ಬರೂಕ ಮೊದಲೇ ನೋಡಿ ಇಟ್ಟಾನ್ರಿ. ಬಂದ ಮ್ಯಾಲ ಮತ್ತ ಯಾಕ ನೋಡಬೇಕು?"

"ನೀ ಭಜಿ ಕರಿ ಹೋಗು. ಎಣ್ಣಿ ನೋಡಲಾರದೆ ಹಿಟ್ಟು ಬಿಟ್ರ ಹ್ಯಾಂಗಾಗತದ?"

"ಇಪ್ಪತ್ತು ವರ್ಷ ಕರದ ಮ್ಯಾಲ ನೋಡೂದು ಬ್ಯಾಡ್ರಿ. ಕೈಗಿ ಗೊತ್ತಿರತದ."

"ನಿನ್ನ ಕೈಗಿ ಇಪ್ಪತ್ತು ವರ್ಷ ಆಗ್ಯಾವ. ಅವನ ಕಾಲಿಗಿ ಏನು ಗೊತ್ತದ?"

"ಪ್ರೇಮದಾಸ ಮಾಸ್ತರ ನಿಮ್ಮ ಅಳಿಯ ಇದ್ದಾರಲ್ರಿ, ಅದಕ್ಕ ನಿಮಗ ಕಾಣವಲ್ದು," ಎಂದು ಯಾರೋ ಹಿಂದಿನಿಂದ ಅಂದರು. ದೇವಪ್ಪ ಕಾಕಾ ಎದ್ದು ನಿಂತು ಧೋತರ ಝಾಡಿಸಿದರು. ಜಗಳ ಮತ್ತೆ ಮೊದಲಿನಿಂದ ಶುರುವಾಯಿತು.

ನನ್ನ ತಲೆ ಗಿರ್ ಎಂದಿತು. ಗೆದ್ದದ್ದು ನಾವೇ ತಾನೇ? ಗೆದ್ದವರ ಮುಖ ಹೀಗೆ ಗಂಟು ಹಾಕಿಕೊಂಡದ್ದನ್ನು ನಾನು ಅದೇ ಮೊದಲು ನೋಡಿದ್ದು. ಎರಡು ಪಾವಟಿಗೆ ಕೆಳಗೆ ಅಣ್ಣ ಕೂತಿದ್ದ. ಮೊಣಕಾಲಿನ ಕೆಂಪು ಮಣ್ಣನ್ನು ಉಗುರಿನಿಂದ ಕೆರೆಯುತ್ತಾ, ಒಮ್ಮೆ ದೇವಪ್ಪ ಕಾಕಾನ ಬಾಯಿ, ಒಮ್ಮೆ ಬಸಣ್ಣನ ಬಾಯಿ ನೋಡುತ್ತಿದ್ದ. ಇನ್ನೊಬ್ಬರ ವಿಷಯ ಕೇಳುವವನ ಹಾಗೆ.

ಮನೆಗೆ ಬರುವಾಗ ಕೇಳಿದೆ. "ಅಣ್ಣಾ, ನೀ ನೋಡಿ ಒದ್ದಿಲ್ಲೋ?"

"ಸುಮ್ಮ ನಡಿ ಸುಮಿ."

ಅವನ ಚಿಂತೆ ನನಗೆ ಗೊತ್ತಿತ್ತು. ಮುಂದಿನ ಶನಿವಾರ ಔರಾದಿನಲ್ಲಿ ಫೈನಲ್. ಅಷ್ಟರಲ್ಲಿ ಪ್ರೇಮದಾಸ ಮಾಸ್ತರರ ಕಾಲು ನೆಟ್ಟಗಾಗುತ್ತಿತ್ತು. ಔರಾದಿನಲ್ಲಿ ನಡುವೆ ನಿಲ್ಲುವವರು ಯಾರು? ಅದನ್ನು ತೀರ್ಮಾನಿಸುವ ಕಂಪೌಂಡಿನ ಪದ್ಧತಿ ಕೇಳಿದರೆ ನೀವು ನಗುತ್ತೀರಿ.

ಮರುದಿನ ಭಾನುವಾರ ಸುಗ್ಗಿ ಹಬ್ಬ. ಹೊಲದಲ್ಲಿ, ಹಿತ್ತಲಲ್ಲಿ ಬೆಳೆದದ್ದನ್ನೆಲ್ಲ ಚರ್ಚಿಗೆ ತಂದು ಕೊಡುತ್ತಿದ್ದರು: ಹೆಸರು, ಉದ್ದು, ಕುಂಬಳಕಾಯಿ, ಪೇರು, ಸೀತಾಫಲ, ಕೋಳಿ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅವುಗಳ ಲಿಲಾವು, ಅಂದರೆ ಹರಾಜು. ರೊಕ್ಕ ಕೂಗುವವರು ರೊಕ್ಕ ಕೂಗಬಹುದು, ಕಾಳು ಕೂಗುವವರು ಕಾಳು. ಯಾವುದು ಹೆಚ್ಚು ಎಂದು ಹೇಳುವವರು ಡ್ರಿಲ್ ಮಾಸ್ತರರು. ಅವರು ಸೀಟಿ ಊದಿದರೆ ಮುಗಿಯಿತು. ಹಬ್ಬದ ಹಿಂದಿನ ದಿನ ಮ್ಯಾಚು ಗೆದ್ದಿದ್ದರೆ ಆ ಚೆಂಡನ್ನೂ ಲಿಲಾವಿಗೆ ಹಚ್ಚುತ್ತಿದ್ದರು. ಚೆಂಡು ಕೊಂಡವರು ತಾವು ಮೆಚ್ಚಿದ ಆಟಗಾರನ ಕೈಗೆ ಅದನ್ನು ಕೊಡಬೇಕು. ಚೆಂಡು ಸಿಕ್ಕವನಿಗೆ ಮುಂದಿನ ಮ್ಯಾಚಿನಲ್ಲಿ ಜಾಗ ಪಕ್ಕಾ. ಇಂತಹ ಪದ್ಧತಿ ಯಾರು ಮಾಡಿದರೋ ಗೊತ್ತಿಲ್ಲ. ಡ್ರಿಲ್ ಮಾಸ್ತರರಿಗಂತೂ ಬಹಳ ಅನುಕೂಲವಾಗಿತ್ತು, ಬೈಸಿಕೊಳ್ಳುವುದು ತಪ್ಪುತ್ತಿತ್ತು.

ಲಿಲಾವಿಗೆ ಇನ್ನೊಂದು ರೂಢಿಯೂ ಇತ್ತು. ಕೊಂಡ ವಸ್ತುವನ್ನು ದೊಡ್ಡ ಮನುಷ್ಯರು ಮನೆಗೆ ಒಯ್ಯುತ್ತಿರಲಿಲ್ಲ. ಬೆಲೆ ಕೊಟ್ಟು, "ದೇವರ ಪಾಲಿಗಿ ಮತ್ತೊಮ್ಮೆ ಹಚ್ರಿ!" ಎಂದು ತಿರುಗಿ ಕೊಡುತ್ತಿದ್ದರು. ಒಂದೇ ಕುಂಬಳಕಾಯಿ ನಾಲ್ಕು ಸಲ ಮಾರಾಟವಾದದ್ದನ್ನು ನಾನು ಕಂಡಿದ್ದೇನೆ.

ಭಾನುವಾರ ಎಲ್ಲ ಮುಗಿದ ಮೇಲೆ ಕೊನೆಗೆ ಚೆಂಡು ಬಂತು. ಹಿಂದೆ ಹಂಡೆಯಲ್ಲಿ ಪಲಾವು ಬೇಯುತ್ತಿದ್ದ ವಾಸನೆ. ದೇವಪ್ಪ ಕಾಕಾ ಎರಡು ಪಾಯಲಿ ಜೋಳ ಎಂದರು. ಬಸಣ್ಣ ಒಂದು ಡಬ್ಬಿ ಎಣ್ಣೆ ಎಂದ. ಕಾಕಾ ಅರ್ಧ ಚೀಲ ಎಂದರು. ಬಸಣ್ಣ ಡಬ್ಬಿಯ ಮೇಲೆ ಬೆಲ್ಲದ ಪೆಂಟಿ ಇಟ್ಟ. ಜನ ಎದ್ದು ನಿಂತರು. ಅಣ್ಣ ಬೇವಿನ ಗಿಡಕ್ಕೆ ಆತು ನಿಂತಿದ್ದ.

"ಪೂರಾ ಚೀಲ!" ಎಂದರು ದೇವಪ್ಪ ಕಾಕಾ. ಸೀಟಿ ಬಿತ್ತು. ಅಣ್ಣನ ಕಥೆ ಮುಗಿಯಿತು ಅಂದುಕೊಂಡೆ. ಕಾಕಾ ಎದ್ದರು, ಜನರೆಲ್ಲ ತಮ್ಮನ್ನೇ ನೋಡುವುದನ್ನು ಕಂಡರು, ಎದೆ ಉಬ್ಬಿತು. ಇಪ್ಪತ್ತು-ಮೂವತ್ತು ವರ್ಷದ ರೂಢಿ ಬಾಯಿಯಿಂದ ತಾನೇ ಹೊರಬಿತ್ತು.

"ದೇವರ ಪಾಲಿಗಿ ಮತ್ತೊಮ್ಮೆ ಹಚ್ರಿ!"

ಚಪ್ಪಾಳೆಯೋ ಚಪ್ಪಾಳೆ. ಪ್ರೇಮದಾಸ ಮಾಸ್ತರರು ಮಾತ್ರ ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ಚೆಂಡನ್ನು ಅಳಿಯನ ಕೈಗೆ ಕೊಡುವ ಹಕ್ಕನ್ನೇ ಮಾವ ದಾನ ಮಾಡಿಬಿಟ್ಟಿದ್ದರು.

ಎರಡನೇ ಸಲ ಬಸಣ್ಣನಿಗೆ ಬಂತು. ಈಗಲಾದರೂ ಗೆದ್ದೆವು ಎನ್ನುವಷ್ಟರಲ್ಲಿ ಅವನೂ ಕೈ ಎತ್ತಿ, "ನಾ ಏನು ಕಡಿಮಿ ಏನ್ರಿ? ಹಚ್ರಿ ಮತ್ತೊಮ್ಮೆ!" ಎಂದ. ಕಾಕಾ ದೇವರಿಗೆ ಬಿಟ್ಟ ಮೇಲೆ ತಾನು ಹಿಡಿದುಕೊಂಡರೆ ಮಂದಿ ಏನಂದಾರು ಎಂಬ ಯೋಚನೆ ಅವನಿಗೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಮೂರನೇ ಸಲ ಬೆಲೆ ಕೂಗುವವರೇ ಇಲ್ಲ. ಎಲ್ಲರ ಚೀಲ ಖಾಲಿ, ಹೊಟ್ಟೆಯೂ ಖಾಲಿ, ಲಕ್ಷ್ಯವೆಲ್ಲ ಪಲಾವಿನ ಹಂಡೆಯ ಮೇಲೆ. ಇಂಥ ಹೊತ್ತೇ ಕೊಳ್ಳುವವರ ಹೊತ್ತು. ಇದು ನನಗೆ ಯಾರೂ ಕಲಿಸಿದ್ದಲ್ಲ.

"ನನ್ನ ಕೋಳಿ," ಎಂದೆ.

"ಯಾವ ಕೋಳಿ ಅವ್ವಿ?" ಎಂದರು ಡ್ರಿಲ್ ಮಾಸ್ತರರು.

"ಬೋಳ ಕುತ್ತಿಗಿದ್ರಿ. ದಿನಾ ಮೊಟ್ಟಿ ಹಾಕ್ತದ."

ಜನ ನಕ್ಕರು. ಯಾರೂ ಮೇಲೆ ಕೂಗಲಿಲ್ಲ. ಸೀಟಿ ಬಿತ್ತು. "ಮತ್ತೊಮ್ಮೆ ಹಚ್ರಿ ಅನ್ನು, ಅನ್ನು!" ಎಂದು ಸುತ್ತಲೂ ಕೂಗು.

"ಅನ್ನಂಗಿಲ್ಲ. ನನ್ನ ಹತ್ರ ಒಂದೇ ಕೋಳಿ ಅದ."

ಚೆಂಡು ತಗೊಂಡು ನೆಟ್ಟಗೆ ಹೋಗಿ ಅಣ್ಣನ ಕೈಗೆ ಕೊಟ್ಟೆ.

"ತಡಿ," ಎಂದರು ದೇವಪ್ಪ ಕಾಕಾ. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯಬೇಕು ಎನ್ನುವವರ ಹಾಗೆ. "ಶಾಂತು, ದೇವರ ಮನಿ ಮುಂದ ನಿಂತೀ. ಹೇಳು. ನೋಡಿ ಒದ್ದಿಯೋ, ನೋಡಲಾರದೆ ಒದ್ದಿಯೋ?"

ನಾನು ಅಣ್ಣನಿಗೆ ಕಣ್ಣುಸನ್ನೆ ಮಾಡಿದೆ. ನೋಡಿ ಅನ್ನು. ಒಂದೇ ಮಾತು, ಮುಗಿಯಿತು.

"ಗೊತ್ತಿಲ್ರಿ ಕಾಕಾ."

"ಹಂಗಂದ್ರ?"

"ಭಾಲ್ಕಿಯವರು ಬರೂದು ಕಂಡಿತ್ತು. ರಶೀದಣ್ಣ ಓಡೂದು ಆವಾಗೇ ಕಂಡಿತ್ತೋ, ಗೋಲ್ ಆದ ಮ್ಯಾಲ ಕಂಡಂಗ ಆಯಿತೋ… ನಿನ್ನಿಯಿಂದ ನೀವೆಲ್ಲಾ ಮಾತಾಡೂದು ಕೇಳಿ ಕೇಳಿ ಈಗ ನನಗೇ ತಿಳೀವಲ್ದು."

ಕಾಕಾ ಪಲಾವಿನ ಹಂಡೆಯ ಕಡೆ ತಿರುಗಿದರು. ಬಸಣ್ಣ ಚಪ್ಪಲಿ ಹುಡುಕತೊಡಗಿದ. ನನಗೋ ಅಳು ಬಂತು. ಮೊಟ್ಟೆ ಹಾಕುವ ಕೋಳಿ ಕೊಟ್ಟು ಕೊಂಡ ಚೆಂಡನ್ನು ಹಿಡಿದು ಇವನು ಗೊತ್ತಿಲ್ಲ ಎನ್ನುತ್ತಾನಲ್ಲ! ಡ್ರಿಲ್ ಮಾಸ್ತರರು, "ಪದ್ಧತಿ ಅಂದ್ರ ಪದ್ಧತಿ. ಔರಾದಿಗಿ ಶಾಂತುನೇ," ಎಂದು ಊಟಕ್ಕೆ ಸೀಟಿ ಊದಿದರು.

ಔರಾದಿಗೆ ಬಸ್ಸಿನಲ್ಲಿ ಹೋದೆವು. ರಸ್ತೆಯ ಎರಡೂ ಕಡೆ ತೊಗರಿ ಹೂವಿಗೆ ಬಂದಿತ್ತು. ಅವ್ವ ಕಟ್ಟಿ ಕೊಟ್ಟ ರೊಟ್ಟಿ, ಶೇಂಗಾ ಹಿಂಡಿಯನ್ನು ಅಣ್ಣ ಮುಟ್ಟಲಿಲ್ಲ. ಆಟ ಶುರುವಾಯಿತು. ಚೆಂಡು ಬಂದಾಗಲೆಲ್ಲ ಗೆರೆಯ ಹೊರಗಿನಿಂದ ದೇವಪ್ಪ ಕಾಕಾ, "ತಲಿ ಎತ್ತು! ನೋಡು!" ಎನ್ನುತ್ತಿದ್ದರು. ಅದೇ ಹೊತ್ತಿಗೆ ಬಸಣ್ಣ, "ನೋಡಬ್ಯಾಡ, ಒದಿ!" ಎನ್ನುತ್ತಿದ್ದ. ಅಣ್ಣ ತಲೆ ಎತ್ತುವನು, ಇಳಿಸುವನು, ಮತ್ತೆ ಎತ್ತುವನು. ಅಷ್ಟರಲ್ಲಿ ಎದುರಿನವರು ಚೆಂಡು ಕಸಿದುಕೊಂಡು ಹೋಗಿರುತ್ತಿದ್ದರು. ಒಂದು ಗೋಲಿನಿಂದ ಸೋತೆವು.

ವಾಪಸು ಬರುವಾಗ ಬಸ್ಸಿನಲ್ಲಿ ಮತ್ತೆ ಚರ್ಚೆ.

"ಇವತ್ತು ಹುಡುಗ ಖರೇ ಆಡಿದ," ಎಂದರು ದೇವಪ್ಪ ಕಾಕಾ. "ಪ್ರತಿ ಸಾರಿ ನೋಡಿ ಒದ್ದ."

"ಏನು ಆಡಿದ್ರಿ, ಎಲ್ಲಾ ಕೆಡಿಸಿದ!" ಎಂದ ಬಸಣ್ಣ.

ಗೆದ್ದ ದಿನ ಬೈದವರು ಸೋತ ದಿನ ಹೊಗಳಿದರು. ಗೆದ್ದ ದಿನ ಹೊಗಳಿದವನು ಸೋತ ದಿನ ಬೈದ. ಅರ್ಧ ದಾರಿ ದಾಟುವವರೆಗೂ ನಾನು ಇದನ್ನು ಬೆರಳು ಮಡಚಿ ಮಡಚಿ ಲೆಕ್ಕ ಹಾಕಿದೆ. ಕೂಡಲಿಲ್ಲ. ಅಣ್ಣ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದ. ಮುಂದೆಯೂ ಆಡಿದ, ಮೂರು-ನಾಲ್ಕು ವರ್ಷ. ಚೆನ್ನಾಗಿಯೇ ಆಡಿದ. ಆದರೆ ಭಾಲ್ಕಿಯವರ ಎದುರು ಒದ್ದ ಹಾಗೆ, ತಲೆ ತಗ್ಗಿಸಿಕೊಂಡು, ಮತ್ತೆಂದೂ ಒದೆಯಲಿಲ್ಲ.

ಕೋಳಿಯನ್ನು ಲಿಲಾವಿನವರಿಂದ ಕೊಂಡವರು ಯಾರು ಗೊತ್ತೇ? ದೇವಪ್ಪ ಕಾಕಾ. ಗೋಡೆಯ ಆಚೆಯಿಂದ ಅದರ ಕೊಕ್ಕೊಕ್ಕೊ ಕೇಳುತ್ತಿತ್ತು. ಅದೇ ಕೋಳಿಯ ಮೊಟ್ಟೆಯನ್ನು ಅವ್ವ ಅವರ ಮನೆಯಿಂದ ದುಡ್ಡು ಕೊಟ್ಟು ತರುತ್ತಿದ್ದಳು.

ಅಣ್ಣ ಈಗ ಬೀದರಿನಲ್ಲೇ ದವಾಖಾನೆಯ ಲ್ಯಾಬಿನಲ್ಲಿ ಇದ್ದಾನೆ. ಕಾಕಾ ಇಲ್ಲ, ಬಸಣ್ಣನೂ ಇಲ್ಲ. ಮೊನ್ನೆ ಅಣ್ಣನ ಮಗ ಫೋನಿನಲ್ಲಿ ಯಾವುದೋ ದೂರದ ದೇಶದ ಮ್ಯಾಚು ತೋರಿಸಿದ. ಗೋಲನ್ನು ಮುಂದಿನಿಂದ, ಹಿಂದಿನಿಂದ, ಮೇಲಿನಿಂದ, ಮೆಲ್ಲಗೆ, ಇನ್ನೂ ಮೆಲ್ಲಗೆ ತೋರಿಸುತ್ತಾರೆ. ಆಟಗಾರ ನೋಡಿದನೋ ಇಲ್ಲವೋ ಎಂಬುದು ಅರ್ಧ ನಿಮಿಷದಲ್ಲಿ ಇತ್ಯರ್ಥ. ಇತ್ಯರ್ಥವಾದ ಮೇಲೆ ಮಾತು ಎಲ್ಲಿಂದ ಬರಬೇಕು? ಆ ಪಾವಟಿಗೆಗಳು ಹಾಗೆಯೇ ಇವೆ, ಮ್ಯಾಚು ಮುಗಿದ ಮೇಲೆ ಕೂಡುವವರಿಲ್ಲ. ನಮ್ಮನ್ನು ಹಾಳು ಮಾಡಿದ ಜಗಳವೂ ಅದೇ, ನಮ್ಮನ್ನು ಒಂದೆಡೆ ಕೂಡಿಸಿದ ಜಗಳವೂ ಅದೇ. ಅದು ಹೋದದ್ದಕ್ಕೆ ಅಳಬೇಕೋ ನಗಬೇಕೋ ನನಗೆ ತಿಳಿಯುವುದಿಲ್ಲ. ಅಣ್ಣ ನನಗೇ ಬಿಟ್ಟುಕೊಟ್ಟ ಆ ಚೆಂಡು ನನ್ನ ಅಂಗಡಿಯ ಅಟ್ಟದ ಮೇಲಿದೆ, ಗಾಳಿ ಹೋಗಿ ಒಣ ರೊಟ್ಟಿಯ ಹಾಗಾಗಿದೆ. ಗಿರಾಕಿಗಳು ಕೇಳಿದರೆ ಮಾರುವುದಿಲ್ಲ ಎನ್ನುತ್ತೇನೆ. ಅಣ್ಣನನ್ನು ಕೇಳಿದೆ, "ಈಗಾದರೂ ಹೇಳು, ನೋಡಿದ್ದೆಯೋ?" ನಕ್ಕು, "ನೀನೇ ಹೇಳು, ಕೋಳಿ ಕೊಟ್ಟವಳು ನೀನು," ಎಂದ.

ಇಷ್ಟು ಓದಿದವರಿಗೆ ನನ್ನ ಸಲಹೆ ಇಷ್ಟೇ. ಹರಾಜಿನಲ್ಲಿ ಎಲ್ಲರಿಗೂ ಹಸಿವಾಗುವವರೆಗೆ ಬಾಯಿ ಬಿಡಬೇಡಿ. ಗೆದ್ದ ಮೇಲೆ ಮೊದಲು ನಿಮ್ಮ ಕೆಲಸ ಮುಗಿಸಿ, ದೊಡ್ಡಸ್ತಿಕೆ ಆಮೇಲೆ. ಮೊಟ್ಟೆ ಹಾಕುವ ಕೋಳಿ ಕೊಡುವುದಾದರೆ ಪಕ್ಕದ ಮನೆಗೆ ಹೋಗದ ಹಾಗೆ ನೋಡಿಕೊಳ್ಳಿ. ಮನೆಯ ಹುಡುಗನೋ ಹುಡುಗಿಯೋ ಮೈತುಂಬ ಮಣ್ಣು ಮಾಡಿಕೊಂಡು ಗೆದ್ದು ಬಂದರೆ ಹೇಗೆ ಗೆದ್ದೆ ಎಂದು ಕೇಳಬೇಡಿ. ಬಿಸಿನೀರು ಕೊಡಿ, ಊಟಕ್ಕೆ ಹಾಕಿ. ಮೈದಾನದ ಗೆರೆಯ ಹೊರಗೆ ನಿಂತಾಗ, ನಿಮಗೆ ಎಷ್ಟೇ ತಿಳಿದಿರಲಿ, ಚೆಂಡು ಅವರ ಕಾಲಿಗೆ ಬಂದ ಆ ಒಂದು ಗಳಿಗೆ ಸುಮ್ಮನಿರಿ.