ಎಡಗಡೆ ಸೀಟಿನ ಬಟ್ಟೆ

ಸಿಂಚನಾ, ಪ್ರಣವ್,

ಮೊನ್ನೆ ಡಾನ್ಸ್ ಡ್ರೆಸ್ಸಿನ ಮೇಲೆ ಇಸ್ತ್ರಿಪೆಟ್ಟಿಗೆ ಮರೆತು ಸುಟ್ಟಾಗ ನಾನು ಒಂದು ಮಾತೂ ಆಡದೆ ಹಿತ್ತಲಿಗೆ ಎದ್ದು ಹೋದೆನಲ್ಲ, ಅಜ್ಜಿಗೆ ಸಿಟ್ಟು ಬಂತು ಅಂದುಕೊಂಡಿರಿ. ಸಿಟ್ಟಲ್ಲ. ಆ ಜಾತಿಯ ಬಟ್ಟೆ ಕರಗಿ ಸುಡುವ ವಾಸನೆ ನನಗೆ ತಡೆಯಲಾಗುವುದಿಲ್ಲ. ಅದು ಮೂಗಿಗೆ ಬಡಿದರೆ ಭಾವನವರು ಕಣ್ಣೆದುರು ಬಂದು ನಿಲ್ಲುತ್ತಾರೆ...

ಭಾವ ಅಂದರೆ ನಿಮ್ಮ ಅಜ್ಜನ ಅಣ್ಣ. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ವಿಮಾನ ರಿಪೇರಿ ಮಾಡಿ ಸಾಗರಕ್ಕೆ ಬಂದು ನೆಲೆಸಿದವರು. ಊರಿನ ಪಂಪ್‌ಸೆಟ್ಟು, ಮಿಕ್ಸಿ, ರೇಡಿಯೋ ಎಲ್ಲಾ ಅವರ ಕೈಗೇ ಬರುತ್ತಿದ್ದವು. ನೀವು ಹುಟ್ಟುವ ಮೊದಲು ಅವರು ಒಂದು ವಿಮಾನ ಕಟ್ಟಲು ಹೊರಟಿದ್ದರು. ಬಿಡಿ ಭಾಗಗಳು ಪೆಟ್ಟಿಗೆಗಳಲ್ಲಿ ಲಾರಿಯ ಮೇಲೆ ಬಂದವು. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ವರ್ಷ ಒಬ್ಬರೇ ಕೂತು ಜೋಡಿಸಿದರು. ಎರಡೇ ಸೀಟಿನದು. ಕಾಗದಪತ್ರವೆಲ್ಲ ಸರಿಯಾದರೆ ಬೇಸಿಗೆಯಲ್ಲಿ ಹೊನ್ನೆಮರಡಿನ ಹತ್ತಿರ ಹಿನ್ನೀರು ಇಳಿದ ಬಯಲಿನಿಂದ ಅದನ್ನು ಹಾರಿಸಬೇಕು ಎಂಬುದು ಅವರ ಆಸೆ. ಪೇಟೆಯವರು "ಹಾರ್ತದಾ, ಇಲ್ಲಾ ಅದ್ರಲ್ಲಿ ಕೋಳಿ ಸಾಕ್ತೀರಾ?" ಎಂದು ನಗುತ್ತಿದ್ದರು.

ಕೊನೆಗೆ ಉಳಿದದ್ದು ಒಳಗಿನ ಕೆಲಸ. ಸೀಟಿನ ಹೊದಿಕೆ, ಪಕ್ಕದ ಗೋಡೆಗೆ ಹಚ್ಚುವ ಬಟ್ಟೆ, ನೆಲದ ಹಾಸು, ನಕ್ಷೆ ಇಡಲು ಒಂದು ಜೇಬು. ನಿಮ್ಮ ಅಜ್ಜ ತೀರಿಕೊಂಡು ಆಗ ಎರಡು ವರ್ಷ. ನಾನು ರವಿಕೆ ಹೊಲಿದು ದಿನ ದೂಡುತ್ತಿದ್ದೆ. ಭಾವನವರಿಗೆ ಶಿವಮೊಗ್ಗದಿಂದ ಸೀಟು ಹೊಲಿಯುವವರನ್ನು ಕರೆಸುವ ಮನಸ್ಸಿತ್ತು. ಅಕ್ಕ, ಅಂದರೆ ಅವರ ಹೆಂಡತಿ, ಹಟ ಹಿಡಿದು ನನಗೆ ಕೊಡಿಸಿದರು.

"ನನ್ ಮಾತಿನ್ ಮೇಲೆ ಕೊಟ್ಟಿದಾರೆ, ಮಾನ ಉಳ್ಸು ಮಾರಾಯ್ತಿ" ಎಂದರು. "ತೂಕ ಮಾತ್ರ ಜಾಸ್ತಿ ಆಗ್ಬಾರ್ದಂತೆ. ನಾನು ಕೂತ್ರೆ ಅದು ಏಳ್ತದಾ ಇಲ್ವಾ ಅಂತ ಮೊದ್ಲು ನನ್ನನ್ನೇ ತೂಗಿದಾರೆ!"

ಒಂದು ಸಂಗತಿ ನಿಮಗೆ ವಿಚಿತ್ರ ಅನ್ನಿಸಬಹುದು. ನಮ್ಮ ಮನೆಯಲ್ಲಿ ಗಂಡನ ಅಣ್ಣನೊಡನೆ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಹೇಳುವುದನ್ನು ಅಕ್ಕನಿಗೆ ಹೇಳಬೇಕು. ಅಕ್ಕ ಇಲ್ಲದಿದ್ದರೆ ಬಾಗಿಲಿನ ಚೌಕಟ್ಟಿಗೆ ಹೇಳಿದ ಹಾಗೆ ಹೇಳಬೇಕು. ಅವರೂ ಅಷ್ಟೇ. ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ನಾವಿಬ್ಬರು ನೇರ ಒಂದು ಮಾತು ಆಡಿದವರಲ್ಲ.

ಬಟ್ಟೆ ಕೊಟ್ಟ ದಿನ ಭಾವ ಅದರ ಒಂದು ಪಟ್ಟಿಯನ್ನು ತಂತಿಗೆ ನೇತುಹಾಕಿ ಕೆಳಗಿನಿಂದ ಬೆಂಕಿಕಡ್ಡಿ ಹಿಡಿದರು. ಉರಿ ಹತ್ತಿತು, ಕಡ್ಡಿ ತೆಗೆದ ಕೂಡಲೇ ಆರಿತು. "ಅವ್ಳಿಗೆ ಹೇಳು" ಎಂದು ಅಕ್ಕನ ಕಡೆ ತಿರುಗಿದರು, "ಮೇಲೆ ಬೆಂಕಿ ಬಿದ್ರೆ ಇಳ್ದು ಓಡಕ್ಕೆ ಜಾಗ ಇರದಿಲ್ಲ. ಅದ್ಕೇ ಈ ಬಟ್ಟೆ ಬಿಟ್ಟು ಒಂದು ಗೇಣೂ ಬೇರೆದು ಒಳಗೆ ಹೋಗ್ಬಾರ್ದು."

ನಾನು ತಪ್ಪಿದ್ದು ಕತ್ತರಿಸುವಾಗ. ರವಿಕೆಯ ಕಾಗದದ ಅಳತೆಯಲ್ಲಿ ಹೊಲಿಗೆಗೆ ಬಿಡುವ ಅಂಚು ಸೇರಿಯೇ ಇರುತ್ತದೆ. ಭಾವ ಬರೆದುಕೊಟ್ಟ ಕಾಗದದಲ್ಲಿ ಇರಲಿಲ್ಲ. ಗೆರೆಯ ಮೇಲೇ ಕತ್ತರಿ ಆಡಿಸಿದೆ. ಮೊದಲು ಕತ್ತರಿಸಿದ ಎಡಗಡೆ ಸೀಟಿನ ಹೊದಿಕೆ ಎರಡು ಬೆರಳು ಗಿಡ್ಡವಾಯಿತು. ಎಳೆದೆ, ನೆನೆಸಿ ಎಳೆದೆ... ಬರಲಿಲ್ಲ. ಬಟ್ಟೆ ಲೆಕ್ಕಕ್ಕೆ ಸರಿಯಾಗಿ ತರಿಸಿದ್ದು, ಉಳಿದಿರಲಿಲ್ಲ.

ಪೇಟೆಯಲ್ಲಿ ಹುಡುಕಿ ಅದೇ ಬೂದಿ ಬಣ್ಣದ ಸೋಫಾ ಬಟ್ಟೆ ತಂದೆ. ಕಣ್ಣಿಗೆ ವ್ಯತ್ಯಾಸವೇ ಇಲ್ಲ. ಮನೆಯಲ್ಲಿ ಒಂದು ಚೂರನ್ನು ಒಲೆಗೆ ಹಿಡಿದೆ. ಭಗ್ಗೆಂದು ಹೊತ್ತಿ, ಉರಿಯುವ ಹನಿಗಳು ಟಪಟಪ ನೆಲಕ್ಕೆ ಬಿದ್ದವು. ನೋಡಿದೆ. ನೋಡಿಯೂ ಎಡಗಡೆಯ ಇಡೀ ಹೊದಿಕೆಯನ್ನು ಅದರಲ್ಲೇ ಹೊಲಿದೆ. ಬೆಂಕಿ ಯಾಕೆ ಬೀಳುತ್ತದೆ, ಅಕ್ಕನ ಮಾನ ಹೋಗುವುದು ಬೇಡ ಎಂದುಕೊಂಡೆ.

ಭಾವ ಎರಡೂ ಸೀಟು ಅಂಗೈಯಲ್ಲಿ ಸವರಿ, ತೂಗಿ, ಕೂರಿಸಿದರು. "ಶಿವಮೊಗ್ಗದವ್ರು ಇಷ್ಟು ಚೆಂದ ಹೊಲೀತಿರ್ಲಿಲ್ಲ ಅಂತ ಹೇಳವ್ಳಿಗೆ" ಎಂದರು. ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಹೊಲಿಗೆ ಯಂತ್ರ ತುಳಿಯುವಾಗ ಶೆಡ್ಡಿನ ಕಡೆಯಿಂದ ಸಣ್ಣ ಸದ್ದು ಬಂದರೂ ಕಾಲು ನಿಲ್ಲುತ್ತಿತ್ತು. ನಾಳೆ ಅಕ್ಕನಿಗೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಿರುವಾಗಲೇ ಅಕ್ಕ ನಿಟ್ಟೂರಿನ ತವರಿಗೆ ಹೋದರು. ಅದೇ ವಾರ ಎಂಜಿನ್ ಚಾಲೂ ಮಾಡಿ ನೋಡುವ ಕೆಲಸ ಶುರುವಾಯಿತು.

ಒಂದು ಬೆಳಿಗ್ಗೆ ತಡೆಯಲಾರದೆ ಹೋದೆ. ವಿಮಾನವನ್ನು ಹಗ್ಗದಿಂದ ಹಲಸಿನ ಮರಕ್ಕೆ ಬಿಗಿದಿದ್ದರು. ಎಂಜಿನ್ ಓಡುತ್ತಿತ್ತು. ಭಾವ ನನಗೆ ಬೆನ್ನು ಮಾಡಿ ಒಳಗಿನ ಮೀಟರುಗಳ ಮುಳ್ಳುಗಳನ್ನು ನೋಡುತ್ತಿದ್ದರು. ನಾನು ಶೆಡ್ಡಿನ ಕಂಬಕ್ಕೆ ಮುಖ ಮಾಡಿ ಹೇಳಿದೆ: "ಎಡಗಡೆ ಸೀಟಿನ ಬಟ್ಟೆ ಬೇರೆ. ನಾನು ತಪ್ಪು ಕತ್ತರಿಸ್ದೆ. ಅದು ಬೆಂಕಿ ಹತ್ಕೊಳ್ತದೆ." ಓರೆಗಣ್ಣಿನಿಂದ ನೋಡಿದರೆ ಅವರು ತಲೆಯಾಡಿಸಿದರು.

ಹೇಳಿದೆನಲ್ಲ ಎಂದು ಮನೆಗೆ ಬಂದು ಹೊಟ್ಟೆ ತುಂಬ ಉಂಡೆ. ಇನ್ನೊಂದು ಸಲ ಕೂಗಿ ಹೇಳಬಹುದಿತ್ತು. ಎಂಜಿನ್ ನಿಲ್ಲುವ ತನಕ ಕಾಯಬಹುದಿತ್ತು. ಅವರು ತಲೆಯಾಡಿಸಿದ್ದು ಮುಳ್ಳು ನೋಡಿಯೋ ನನ್ನ ಮಾತಿಗೋ ಎಂದು ನಾನು ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳುವುದು ನನಗೆ ಬೇಕಿರಲಿಲ್ಲ.

ಮೂರನೇ ದಿನ ಮಧ್ಯಾಹ್ನ ಎಂಜಿನ್ನಿನ ಸದ್ದು ಒಮ್ಮೆಲೇ ನಿಂತಿತು. ಆಮೇಲೆ ಆ ವಾಸನೆ ಬಂತು... ಓಡಿದೆ. ಪೆಟ್ರೋಲಿನ ಪೈಪು ಎಲ್ಲೋ ಸೋರಿ ಕಿಡಿ ತಾಗಿತ್ತು. ಭಾವ ಎಡಗಡೆ ಸೀಟಿನಲ್ಲಿ ಕೂತು ಬೆಲ್ಟು ಕಟ್ಟಿಕೊಂಡಿದ್ದರು. ಅದನ್ನು ಬಿಚ್ಚುವಷ್ಟರಲ್ಲಿ ಎರಡೂ ಕೈ, ತೊಡೆಯ ಹಿಂಭಾಗ ಸುಟ್ಟುಹೋಗಿತ್ತು. ಉರಿ ಆರಿಸಿದ ಮೇಲೆ ನಾನು ಒಳಗೆ ಇಣುಕಿದೆ. ಗೋಡೆಯ ಬಟ್ಟೆ ಬರೀ ಕಪ್ಪಾಗಿತ್ತು. ನೆಲದ ಹಾಸು ಹಾಗೇ ಇತ್ತು. ಬಲಗಡೆ ಸೀಟೂ ಇತ್ತು. ಎಡಗಡೆಯದು ಮಾತ್ರ ಇರಲಿಲ್ಲ.

ಶಿವಮೊಗ್ಗದ ಆಸ್ಪತ್ರೆಯಲ್ಲಿ, ತವರಿನಿಂದ ಓಡಿಬಂದ ಅಕ್ಕ ಹೇಳಿದರು: "ನೋವು ಅನ್ನದಿಲ್ಲ ಮಾರಾಯ್ತಿ. ಆ ಬಟ್ಟೆ ಹೆಂಗೆ ಹತ್ಕೊಳ್ತು, ಹೆಂಗೆ ಹತ್ಕೊಳ್ತು ಅಂತ ಅದೊಂದೇ." ಆಗ ತಿಳಿಯಿತು, ಅವರಿಗೆ ಅಂದು ನನ್ನ ಮಾತು ಕೇಳಿಸಿರಲಿಲ್ಲ.

ಅಕ್ಕ ಔಷಧಿ ತರಲು ಹೋದಾಗ ನಾನು ಪರದೆಯ ಪಕ್ಕ ನಿಂತಿದ್ದೆ. ಭಾವ ನನ್ನನ್ನೇ ನೋಡಿದರು. ಮೊದಲ ಸಲ ನೇರವಾಗಿ ಕೇಳಿದರು.

"ತಂಗಿ, ಅದು ನಾನು ಕೊಟ್ಟ ಬಟ್ಟೆನೇ ಅಲ್ವಾ?"

"ಹೌದು ಭಾವ. ನೀವು ಕೊಟ್ಟಿದ್ದೇ" ಎಂದೆ.

ಅವರ ಜೊತೆ ನಾನು ನೇರವಾಗಿ ಆಡಿದ ಮೊದಲ ಮಾತು ಅದು. ಭಾವ ಕಣ್ಣು ಮುಚ್ಚಿದರು. "ಹಾಂಗಾದ್ರೆ ನನ್ ಪರೀಕ್ಷೆನೇ ತಪ್ಪು" ಎಂದರು.

ಗಾಯ ಮಾಯಿತು, ಬೆರಳುಗಳೂ ಅರ್ಧಕ್ಕರ್ಧ ಸರಿಹೋದವು. ಆದರೆ ಭಾವ ಮತ್ತೆ ಉಪಕರಣ ಮುಟ್ಟಲಿಲ್ಲ. ಪಂಪ್‌ಸೆಟ್ಟು ಹೊತ್ತು ತಂದವರಿಗೆ "ಬೇರೆ ಯಾರಿಗಾದ್ರೂ ತೋರ್ಸಿ, ನನ್ ನೋಟ ನಂಬ್ಬೇಡಿ" ಎನ್ನುತ್ತಿದ್ದರು. ಮನೆಯ ಬಲ್ಬಿನ ಹೋಲ್ಡರ್ ಸಡಿಲವಾದರೂ ಎಲೆಕ್ಟ್ರಿಷಿಯನ್ ಬರುವ ತನಕ ಕತ್ತಲಲ್ಲೇ ಕೂರುತ್ತಿದ್ದರು. ವಿಮಾನ ಗುಜರಿಗೆ ಹೋಯಿತು. ಹದಿನಾಲ್ಕು ವರ್ಷ ಹಾಗೆ ಕೂತಿದ್ದು ಹೋದ ವರ್ಷ ತೀರಿಕೊಂಡರು. ಅಷ್ಟೂ ವರ್ಷ ನಾನು ಹಬ್ಬಕ್ಕೆ ಹೋಗಿ ಅವರಿಗೆ ಕಡುಬು ಬಡಿಸಿ ಬರುತ್ತಿದ್ದೆ. ಬಾಯಿ ಬಿಡಲಿಲ್ಲ.

ಅಕ್ಕ ಇದ್ದಾರೆ. ಬರುವ ಭಾನುವಾರ ಇದನ್ನು ಅವರ ಮುಂದೆ ಕೂತು ಓದಬೇಕೆಂದಿದ್ದೇನೆ. ಆಮೇಲೆ ಆ ಮನೆಯ ಹೊಸ್ತಿಲು ನನಗೆ ಇರುತ್ತದೋ ಇಲ್ಲವೋ ತಿಳಿಯದು. ಓದಲು ನನಗೆ ಧೈರ್ಯ ಬರದೇ ಹೋದರೆ ನೀವಿಬ್ಬರು ಅಕ್ಕನಿಗೆ ಓದಿ ಹೇಳಿ. ಭಾವನವರ ಪರೀಕ್ಷೆ ಸರಿಯಾಗಿತ್ತು, ಅವರ ನೋಟವೂ ಸರಿಯಾಗಿತ್ತು. ಇದನ್ನು ಬರೆದಿರುವುದು ಈ ಹಾಳೆಗಳಲ್ಲಿ ಮಾತ್ರ. ಕಳೆಯಬೇಡಿ ಮಕ್ಕಳೇ, ಜೋಪಾನವಾಗಿ ಇಡಿ.