ಕೆಂಪಮ್ಮನ ಬೋಣಿ

ಇಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಆಗ ನಾನು ಮೈಸೂರಿನಲ್ಲಿ ಮಾರ್ಕೆಟ್ ಇನ್ಸ್‌ಪೆಕ್ಟರ್. ತಕ್ಕಡಿ ಪರೀಕ್ಷಿಸುವುದು, ಕೊಳೆತ ಮಾಲು ಎಸೆಸುವುದು, ದೊಡ್ಡವರು ಬಂದರೆ ಹಿಂದೆ ಛತ್ರಿ ಹಿಡಿದು ನಡೆಯುವುದು ನನ್ನ ಕೆಲಸ. ಮೂರನೆಯದು ಯಾವ ನಿಯಮಾವಳಿಯಲ್ಲೂ ಇರಲಿಲ್ಲ, ಆದರೆ ಬಡ್ತಿ ಸಿಗುತ್ತಿದ್ದುದು ಅದರಿಂದಲೇ.

ಆ ವರ್ಷ ಊರಿನ ಗಣ್ಯರಿಗೆ ಇದ್ದಕ್ಕಿದ್ದಂತೆ ರೈತರ ಮೇಲೆ ಪ್ರೀತಿ ಉಕ್ಕಿತು. ಕೂಡಲೇ ಒಂದು ಸಮಿತಿಯಾಯಿತು. ಅದರ ಅಧ್ಯಕ್ಷರು ನಿವೃತ್ತ ಅಧಿಕಾರಿ. ಹೆಸರು ಬೇಡ, ಅಷ್ಟು ಗೌರವಕ್ಕೂ ಅವರು ಅರ್ಹರಲ್ಲ. ದೇವರಾಜ ಮೊಹಲ್ಲಾದ ಅಂಚಿನ ಖಾಲಿ ಅಂಗಳದಲ್ಲಿ ಚಪ್ಪರ ಹಾಕಿಸಿ, ಸುತ್ತಲ ಹಳ್ಳಿಯವರು ವಾರಕ್ಕೊಮ್ಮೆ ದಲ್ಲಾಳಿಯ ಹಂಗಿಲ್ಲದೆ ತಮ್ಮ ತರಕಾರಿಯನ್ನು ಇಲ್ಲಿ ತಾವೇ ಮಾರಬಹುದು ಎಂದು ಸಾರಿದರು. ಉದ್ಘಾಟನೆಯ ದಿನ ಊರಿನ ಬೆಳೆಯನ್ನೇ ಉಣ್ಣಬೇಕೆಂದು ಅಧ್ಯಕ್ಷರು ಇಂಗ್ಲಿಷಿನಲ್ಲಿ ಭಾಷಣ ಮಾಡಿದರು. ಬುಟ್ಟಿ ಇಟ್ಟುಕೊಂಡು ಕೂತಿದ್ದವರಿಗೆ ಒಂದಕ್ಷರವೂ ತಿಳಿಯಲಿಲ್ಲ. ಆಮೇಲೆ ಗಣ್ಯರೆಲ್ಲ ಊಟಿಯಿಂದ ತರಿಸಿದ ಹೂಕೋಸಿನ ಬೋಂಡಾ ತಿಂದು ಮನೆಗೆ ಹೋದರು.

ಆ ಚಪ್ಪರವನ್ನು ನಂಬಿ ಬಂದವರಲ್ಲಿ ಕಡಕೊಳದ ಕೆಂಪಮ್ಮ ಒಬ್ಬಳು. ಬಾವಿ ನೀರಿನಲ್ಲಿ ಬದನೆ ಬೆಳೆಯುತ್ತಿದ್ದಳು. ಅಲ್ಲಿಯವರೆಗೆ ಅವಳ ಬುಟ್ಟಿ ದಲ್ಲಾಳಿ ಪುಟ್ಟಮಾದಪ್ಪನ ಮಂಡಿಗೆ ಹೋಗುತ್ತಿತ್ತು. ಅವಳು ಚಪ್ಪರದಲ್ಲಿ ಕೂತ ದಿನವೇ ಅವನು, “ಇನ್ನ ನನ್ ಮಂಡಿ ಕಡೆ ತಲೆ ಆಕ್ಬೇಡ” ಎಂದು ಹೇಳಿಕಳಿಸಿದ್ದ. ಚಪ್ಪರ ಮುಚ್ಚಿದರೆ ಅವಳ ಬದನೆ ಗಿಡದಲ್ಲೇ ಕೊಳೆಯಬೇಕಿತ್ತು.

ಮುಚ್ಚುವ ಲಕ್ಷಣವೂ ಬೇಗನೆ ಕಂಡಿತು. ಒಂದು ಸಂತೆಯ ದಿನ ಹತ್ತು ಗಂಟೆಗೆ ಅಧ್ಯಕ್ಷರು ಸಾರೋಟಿನಲ್ಲಿ ತಪಾಸಣೆಗೆ ಬಂದಾಗ ಚಪ್ಪರದಲ್ಲಿ ನರಪಿಳ್ಳೆ ಇರಲಿಲ್ಲ.

“ಸೋಮಾರಿ ಜನ ಕಣ್ರೀ. ಇನ್ನೆರಡು ವಾರ ನೋಡಿ. ಹೀಗೇ ಇದ್ದರೆ ನಮ್ಮ ಕ್ಲಬ್ಬಿನವರ ಗಾಡಿ ನಿಲ್ಲಿಸೋಕಾದರೂ ಆಗುತ್ತೆ” ಎಂದರು. ಸೂರ್ಯ ನೆತ್ತಿಗೆ ಬರುವಾಗ ಎದ್ದು ಬಂದ ಮನುಷ್ಯ ಇನ್ನೊಬ್ಬರ ಸೋಮಾರಿತನ ಅಳೆಯುತ್ತಿದ್ದರು. ನನಗೆ ಮೈ ಉರಿಯಿತು.

ಮುಂದಿನ ವಾರ ನಸುಕಿನಲ್ಲೇ ಹೋಗಿ ನಿಂತೆ. ಬುಟ್ಟಿಗಳು ತುಂಬಿದ್ದವು. ಆದರೆ ಊರಿನವರು ಬರುವ ಮೊದಲೇ ಪುಟ್ಟಮಾದಪ್ಪನ ಆಳುಗಳು ಬಂದು, ಒಂದೊಂದು ಬುಟ್ಟಿಯನ್ನೂ ಇಡಿಯಾಗಿ ಅರ್ಧ ಬೆಲೆಗೆ ಕೇಳಿ ಹೊತ್ತೊಯ್ದರು. ಯಾಕೆ ಕೊಟ್ಟೆ ಎಂದು ಕೆಂಪಮ್ಮನನ್ನು ಕೇಳಿದೆ.

“ಬೋಣಿ ಗಿರಾಕಿ ಅಲ್ವಾ ಬುದ್ಧಿ? ಮೊದ್ಲು ಬಂದೋರ್ನ ಎಂಗೆ ಬರಿಗೈಲಿ ಕಳ್ಸಾದು? ಬೋಣಿ ಮುರುದ್ಬುಟ್ರೆ ಆವತ್ತೆಲ್ಲ ಯಾಪಾರ ಆಗಾಕಿಲ್ಲ.”

ದಿನದ ಮೊದಲ ವ್ಯಾಪಾರ ಬೋಣಿ. ಅದನ್ನು ತಿರಸ್ಕರಿಸುವ ಎದೆ ಯಾವ ವ್ಯಾಪಾರಿಗೂ ಇಲ್ಲ. ದಲ್ಲಾಳಿ ಅದನ್ನೇ ಹಿಡಿದುಕೊಂಡಿದ್ದ. ಊರಿನ ಗೃಹಸ್ಥರು ಸ್ನಾನ, ಪೂಜೆ, ಕಾಫಿ ಮುಗಿಸಿ ಬರುವಷ್ಟರಲ್ಲಿ ಅದೇ ಬದನೆ ಅವನ ಮಂಡಿಯಲ್ಲಿ ದುಪ್ಪಟ್ಟು ಬೆಲೆಗೆ ಕೂತಿರುತ್ತಿತ್ತು.

ಬೇರೆ ಯಾರಾದರೂ ಮೊದಲು ಬಂದು ಒಂದು ಹಿಡಿ ಕೊಂಡರೂ ಸಾಕಿತ್ತು. ಇನ್ಸ್‌ಪೆಕ್ಟರಾದವನು ಅಲ್ಲಿ ಕೊಳ್ಳುವಂತಿರಲಿಲ್ಲ. ಕೊಂಡರೆ ಮಾಮೂಲು ವಸೂಲಿ ಎನ್ನುತ್ತಿದ್ದರು. ಸಮಿತಿಯವರ ಮನೆಮನೆಗೆ ಹೋಗಿ, ಸರದಿಯಂತೆ ನಸುಕಿನಲ್ಲಿ ಬನ್ನಿ ಎಂದು ಬೇಡಿಕೊಂಡೆ. ಒಬ್ಬರಿಗೆ ಶೀತದ ಮೈ. ಇನ್ನೊಬ್ಬರು ಅಡುಗೆಯವನನ್ನು ಕಳಿಸುತ್ತೇನೆಂದರು, ಕಳಿಸಲಿಲ್ಲ. ಅಧ್ಯಕ್ಷರಂತೂ, “ನಾನು ಸಂತೇಲಿ ನಿಂತು ಸೊಪ್ಪು ಕೊಳ್ಳೋದೇನ್ರೀ?” ಎಂದು ನಕ್ಕರು. ಭಾಷಣಕ್ಕೆ ಮಾತ್ರ ಸಂತೆ ಬೇಕಿತ್ತು ಆ ಮಹಾಶಯರಿಗೆ.

ಕೊನೆಗೆ ನೆನಪಾದವನು ಹಾಸ್ಟೆಲೊಂದರ ಅಡುಗೆಯ ಅಂತೋಣಪ್ಪ. ದಿನವೂ ಬೆಳಕು ಹರಿಯುವ ಮುಂಚೆ ಚರ್ಚಿನ ಪೂಜೆಗೆ ಹೋಗುತ್ತಿದ್ದವನು. ವಿಷಯ ಹೇಳಿದೆ.

“ಅದ್ಕೇನು ಸ್ವಾಮಿ, ಪೂಜೆ ಮುಗಿಸ್ಕೊಂಡು ಅಂಗೇ ಬತ್ತೀವಿ. ನಮ್ಮ ಹೆಂಗಸರ್ಗೂ ಚೀಲ ತನ್ನಿ ಅಂತೀನಿ” ಎಂದ.

ಮುಂದಿನ ವಾರ ನಸುಕಿನಲ್ಲಿ ಅಂತೋಣಪ್ಪನ ಹಿಂದೆ ತಲೆಯ ಮೇಲೆ ಸೆರಗು ಹೊದ್ದ ಹೆಂಗಸರು ಬಂದರು. ಒಬ್ಬಳು ಸೊಪ್ಪು, ಒಬ್ಬಳು ಅವರೆ, ಹೀಗೆ ಎಲ್ಲ ಬುಟ್ಟಿಗೂ ಕೇಳಿದ ಬೆಲೆಗೆ ಬೋಣಿಯಾಯಿತು. ಆಮೇಲೆ ದಲ್ಲಾಳಿಯ ಆಳು ಬಂದು ಎಂದಿನಂತೆ ಅರ್ಧ ಬೆಲೆ ಕೂಗಿದ.

“ಬೋಣಿ ಆಗೋಯ್ತು ಕಣಪ್ಪ. ನಿನ್ ಬೆಲೆ ನಿನ್ ತಾವೇ ಮಡಿಕೊ” ಎಂದಳು ಕೆಂಪಮ್ಮ. ನನಗಾದ ಸಂತೋಷ ಹೇಳತೀರದು.

ಹತ್ತಕ್ಕೆ ಅಧ್ಯಕ್ಷರು ಬಂದಾಗ ಕೊಳ್ಳಲು ಬಂದ ಊರಿನವರ ನಡುವೆ ಕಾಲಿಡಲು ಜಾಗವಿರಲಿಲ್ಲ. ಜೊತೆಗಿದ್ದವರಿಗೆ, “ನೋಡಿದಿರಾ, ನನ್ನ ಭಾಷಣದ ಪರಿಣಾಮ” ಎಂದರು. ನಾಚಿಕೆ ಎಂಬುದು ಆ ಮುಖದ ಹತ್ತಿರ ಎಂದೂ ಸುಳಿದದ್ದಿಲ್ಲ. ಮೆಚ್ಚುಗೆಯ ಗುರುತೋ ಏನೋ, ಕೆಂಪಮ್ಮನ ಬದನೆಯನ್ನು ಅರ್ಧ ಬೆಲೆಗೆ ಕೇಳಿದರು. ಅವಳು ಒಪ್ಪಲಿಲ್ಲ.

“ಈ ಚಪ್ಪರ ಹಾಕಿಸಿದವನು ನಾನು ಕಣಮ್ಮ!”

“ಹೂಂ ಬುದ್ಧಿ, ಅದ್ಕೇ ನೆಳ್ಳಲ್ಲಿ ಬೇಕಾದಷ್ಟು ಹೊತ್ತು ನಿಂತ್ಕಳಿ. ಬದ್ನೆಕಾಯ್ ಬೇಕಾದ್ರೆ ಬೆಲೆ ಕೊಡಿ.”

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಅಧ್ಯಕ್ಷರು ಬರಿಗೈಯಲ್ಲಿ ಸಾರೋಟು ಹತ್ತಿದರು. ಗಾಡಿ ನಿಲ್ಲಿಸುವ ಮಾತು ಮತ್ತೆ ಬರಲಿಲ್ಲ, ಸಂತೆ ಉಳಿಯಿತು.

ನಮ್ಮಂಥ ಊರು ತನ್ನ ಸುತ್ತಲ ರೈತರನ್ನು ಸಾಕಬೇಕಾದರೆ ಬೆಳಗ್ಗೆ ಎದ್ದು, ಚೀಲ ಹಿಡಿದು ಹೋಗಿ, ಕೇಳಿದ ಬೆಲೆ ಕೊಡುವ ಜನ ಬೇಕು. ನೌಕರಿ ನನಗೆ ಕಲಿಸಿದ್ದು ಇಷ್ಟೇ. ಅಂಥವರು ಊರಿನಲ್ಲಿ ಆಗಲೂ ಇದ್ದರು. ಸಮಿತಿಯಲ್ಲಿ ಮಾತ್ರ ಒಬ್ಬರೂ ಇರಲಿಲ್ಲ.