ಸಂತೇಪೇಟೆಯ ಗಂಟುಗಳ ಜಗುಲಿ

ಕೇಳಿರಿ, ಸಜ್ಜನರೇ. ಒಲೆಯ ಮೇಲೆ ಹಾಲಿದ್ದರೆ ಇಳಿಸಿ ಬನ್ನಿ, ಮಿಕ್ಕ ಕೆಲಸ ಒಂದು ಗಳಿಗೆ ಕಾಯಲಿ. ಬಹುಕಾಲದಿಂದ ಭಗವಂತನ ಮಹಿಮೆಯನ್ನು ಹೇಳಿ ನಿಮ್ಮ ತಾಳ್ಮೆಯನ್ನು ಪರೀಕ್ಷಿಸುತ್ತಿರುವ ನಾನು, ಇಂದು ನನ್ನ ಎದುರುಮನೆಯಲ್ಲಿದ್ದ ದೇವಿರಮ್ಮನವರ ಕಥೆಯನ್ನು ಹೇಳುತ್ತೇನೆ.

ಮೈಸೂರಿನ ಸಂತೇಪೇಟೆಯಲ್ಲಿ ವಾಸವೆಂದರೆ ಅದೊಂದು ಭಾಗ್ಯ. ಒಗ್ಗರಣೆಗೆ ಎಣ್ಣೆಯಿಟ್ಟ ಮೇಲೆ ಕರಿಬೇವು ತರಲು ಹೊರಟರೂ ಎಣ್ಣೆ ಹೊಗೆಯಾಡುವುದರೊಳಗೆ ಹಿಂದಿರುಗಬಹುದು. ಬೆಳಗಾದರೆ ಮಾರುಕಟ್ಟೆಯ ಮಲ್ಲಿಗೆಯ ಕಂಪು, ಅದರ ಬೆನ್ನಿಗೇ ಕಾಫಿಬೀಜ ಹುರಿಯುವ ಘಮ. ಈ ದೇಹವೇ ಬಾಡಿಗೆಯ ಮನೆ, ಇದರ ಮೇಲೆ ವ್ಯಾಮೋಹ ಬೇಡ ಎಂದು ನಾನು ಉಪದೇಶಿಸುತ್ತಿದ್ದೆ. ಆದರೆ ಇಲವಾಲದ ಭಕ್ತರು ಬಾಡಿಗೆಯಿಲ್ಲದ ಮನೆಯೊಂದನ್ನು ಕೊಡುತ್ತೇವೆಂದು ಕರೆದಾಗ ನನಗೆ ಮಂಡಿನೋವು ಬಂದಿತು. ಹೋಟೆಲಿನ ದೋಸೆಯವರೆಗೆ ನಡೆಯುವಾಗ ಮಾತ್ರ ಆ ನೋವು ದೈವಕೃಪೆಯಿಂದ ಇರುತ್ತಿರಲಿಲ್ಲ.

ದೇವಿರಮ್ಮನವರು ಇಲವಾಲದಿಂದ ಸೊಸೆಯಾಗಿ ಬಂದವರು. ಪತಿ ಮರಿಸ್ವಾಮಿ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವರು. ಅವರದು ಎರಡು ಕೋಣೆಯ ಮನೆ, ಬೀದಿಗೆ ಒಂದು ಜಗುಲಿ. ಆಸ್ಪತ್ರೆಗೋ ಕಚೇರಿಗೋ ಮಾರುಕಟ್ಟೆಗೋ ಹಳ್ಳಿಯಿಂದ ಬಂದವರೆಲ್ಲ ತಮ್ಮ ಗಂಟನ್ನು ಅಲ್ಲಿಟ್ಟು, "ನೋಡ್ಕೊಳವ್ವ" ಎಂದಷ್ಟೇ ಹೇಳಿ ಹೋಗುವರು. ಸಂಜೆ ಬಂದು, ನೀರು ಕುಡಿದು, ಗಂಟೆತ್ತಿಕೊಂಡು ಊರಿಗೆ ನಡೆಯುವರು. ಎದುರಿಗಿದ್ದ ನನ್ನ ಜಗುಲಿಯಾದರೋ ಸಂಜೆಯ ಪ್ರವಚನಕ್ಕೆಂದು ಜಮಖಾನ ಹಾಸಿಕೊಂಡು ಪವಿತ್ರವಾಗಿತ್ತು. ಅಂದರೆ ಅಲ್ಲಿ ನಾನು ಯಾರನ್ನೂ ಕೂರಗೊಡುತ್ತಿರಲಿಲ್ಲ.

ಐವತ್ತೆಂಟನೆಯ ಇಸವಿಯಲ್ಲಿ ಮರಿಸ್ವಾಮಿ ಬನ್ನಿಮಂಟಪದಾಚೆ ಒಂದು ಸಣ್ಣ ಮನೆ ಕಟ್ಟಿಸಿದರು. ಒಂದು ದಿನ ಏದುಸಿರು ಬಿಡುತ್ತ ನನ್ನಲ್ಲಿಗೆ ಬಂದರು.

"ಅಯ್ನೋರೇ, ನಂಗೆ ದಮ್ಮು. ಈ ಪೇಟೆ ಧೂಳು ಬುಟ್ಟು ಹೋಗಿ ಅಂತ ಡಾಕ್ಟ್ರು ಹೇಳವ್ರೆ. ಇವಳು ಜಗುಲಿ ಬುಟ್ಟು ಏಳಾಕಿಲ್ಲ. ನೀವೇ ಒಂದು ಒಳ್ಳೆ ಮಾತು ಹೇಳಿ."

ನನಗೆ ಅದಕ್ಕಿಂತ ಪ್ರಿಯವಾದ ಕೆಲಸ ಯಾವುದಿದೆ? ಹೋಗಿ, ಮಮಕಾರವೆಂಬ ಪಾಶವನ್ನು ಕುರಿತು ದೀರ್ಘವಾಗಿ ಮಾತನಾಡಿದೆ. ದೇವಿರಮ್ಮನವರು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಲೇ ಇದ್ದರು.

"ಮುಗೀತಾ, ಅಯ್ನೋರೇ?"

"ಸದ್ಯಕ್ಕೆ ಮುಗಿಯಿತು, ತಾಯಿ."

"ಇವರ ದಮ್ಮು ನಂಗೆ ಗೊತ್ತಿಲ್ವಾ? ರಾತ್ರಿಯೆಲ್ಲ ಬೆನ್ನು ನೀವೋಳು ನಾನೇ. ಮನೆ ಮ್ಯಾಲಲ್ಲ ಕಣ್ರೀ ನಂಗೆ ಆಸೆ. ಊರಿಂದ ಬಂದೋರು ಗಂಟು ಎಲ್ಲಿ ಮಡಗ್ತಾರೆ, ಅದೇಳಿ."

"ದೇವರು ದಾರಿ ತೋರಿಸುತ್ತಾನೆ."

"ದಾರಿ ತೋರಿಸ್ತಾನೆ ಬುಡಿ. ಜಗುಲಿ ಯಾರು ಕೊಡ್ತಾರೆ?"

ನಾನು ಮೇಲಕ್ಕೆ ನೋಡಿದೆ. ಹೆಂಚು ಕಂಡಿತು.

ಕೊನೆಗೆ ಪತಿಯ ಕೆಮ್ಮಿಗೆ ಮಣಿದು ಅವರು ಒಪ್ಪಿದರು. ಹೊರಡುವ ದಿನ ರಾಹುಕಾಲಕ್ಕೆ ಮುಂಚೆ ಮನೆ ಬಿಡಬೇಕೆಂದು ಹುಚ್ಚಣ್ಣನ ಎತ್ತಿನ ಗಾಡಿ ಬಂದಿತು, ಸಾಮಾನೂ ಏರಿತು. ಆದರೆ ಜಗುಲಿಯ ಮೇಲೆ ಬೆಟ್ಟಯ್ಯನ ಗಂಟಿತ್ತು. ಸೊಸೆಯನ್ನು ಹೆರಿಗೆ ಆಸ್ಪತ್ರೆಗೆ ಸೇರಿಸಲು ಹೋದ ಆತ ಬರುವವರೆಗೆ ದೇವಿರಮ್ಮನವರು ಕದಲರು. ಆತ ಬಂದು ಗಂಟೆತ್ತುವಷ್ಟರಲ್ಲಿ ಮಾದೇವಮ್ಮ ಎಂಬಾಕೆ ಕೋಳಿಯಿದ್ದ ಮಂಕರಿಯೊಂದನ್ನಿಟ್ಟು ಮಾರುಕಟ್ಟೆಗೆ ಓಡಿದಳು. ಅದರ ಪಕ್ಕಕ್ಕೆ ಇನ್ನಾರದೋ ರಾಗಿಯ ಚೀಲ ಬಂದಿತು.

"ಅವ್ವಾ, ನನ್ನ ಎತ್ತು ನಿಂತಲ್ಲೇ ಮುದಿಯಾಯ್ತವೆ" ಎಂದು ಹುಚ್ಚಣ್ಣ ಗೊಣಗಿದ.

"ಇನ್ನೊಬ್ಬರ ಗಂಟು ಬೀದೀಲಿ ಬುಟ್ಟು ಹೆಂಗಪ್ಪ ಬರ್ಲಿ?"

ಗಾಡಿಯ ಮೇಲೆ ಕುಳಿತಿದ್ದ ಮರಿಸ್ವಾಮಿಗೆ ಧೂಳಿಗೆ ಕೆಮ್ಮು ಹತ್ತಿತು, ನಿಲ್ಲಲಿಲ್ಲ. ದೇವಿರಮ್ಮನವರು ಗಂಡನತ್ತ ನೋಡುವರು, ಮಂಕರಿಯತ್ತ ನೋಡುವರು. ಕಣ್ಣು ತುಂಬಿ ಬಂದಿತ್ತು. ನಾನು ನನ್ನ ಜಮಖಾನದ ಮೇಲೆ ಕುಳಿತು ಸಂಜೆಯ ಪ್ರವಚನವನ್ನು ಸಿದ್ಧಪಡಿಸುತ್ತಿದ್ದೆ. ವಿಷಯ, ತ್ಯಾಗ.

ನನ್ನ ಪತ್ನಿ ಗಿರಿಜಾಂಬಾ ಒಳಗಿನಿಂದ ಬಂದಳು. "ಸ್ವಲ್ಪ ಏಳ್ತೀರಾ? ಜಮಖಾನ ಸುತ್ತಬೇಕು" ಎಂದಳು. ನಾನು ಎದ್ದೆ. ಎದ್ದವನು ಸುಮ್ಮನೆ ನಿಲ್ಲುವುದಕ್ಕೂ ನಾಚಿಕೆಯಾಗಿ, ಬೀದಿ ದಾಟಿ ರಾಗಿಯ ಚೀಲಕ್ಕೆ ಹೆಗಲು ಕೊಟ್ಟು ನಮ್ಮ ಜಗುಲಿಗೆ ತಂದೆ, ಕೋಳಿಯ ಮಂಕರಿಯನ್ನೂ ತಂದೆ. ಮಂಡಿ ನೋಯಲಿಲ್ಲ, ನೋಯಬಾರದೇ ಎಂದು ಒಂದು ಗಳಿಗೆ ಆಸೆಪಟ್ಟೆ.

ದೇವಿರಮ್ಮನವರು ಕಣ್ಣೊರೆಸಿಕೊಂಡು ನನಗೇ ಉಪದೇಶ ಮಾಡಿದರು. "ಕೋಳಿಗೆ ನೀರಿಡಿ. ಹೆಸರು ಮರೆತರೂ ಮುಖ ಮರೀಬ್ಯಾಡಿ. ಒಳ್ಳೇ ಮಾತು ಕಮ್ಮಿ ಹೇಳಿ ಅಯ್ನೋರೇ, ಪಾಪ, ಅವಸರದಲ್ಲಿರ್ತಾರೆ."

ರಾಹುಕಾಲದ ನಟ್ಟನಡುವೆ ಗಾಡಿ ಹೊರಟಿತು. ಮಾದೇವಮ್ಮ ಹಿಂದಿರುಗಲು ತಡವಾದ್ದರಿಂದ ಅಂದಿನ ಪ್ರವಚನಕ್ಕೆ ಕೋಳಿಯೂ ಕುಳಿತಿತ್ತು. ಸಭಿಕರು ನನಗಿಂತ ಅದನ್ನೇ ಹೆಚ್ಚು ಆಲಿಸಿದರು.

ಈಗ ದೇವಿರಮ್ಮನವರು ಪ್ರತಿ ಸೋಮವಾರ ಬಸ್ಸಿನಲ್ಲಿ ಬಂದು ತಮ್ಮ ಚೀಲವನ್ನು ನನ್ನ ಜಗುಲಿಯ ಮೇಲಿಟ್ಟು, ನೀರಿನ ಕೊಡ ತುಂಬಿದೆಯೇ ಎಂದು ಬಗ್ಗಿ ನೋಡುತ್ತಾರೆ. "ಅಲ್ಲಿ ಇವರ ಉಸಿರು ಚೆನ್ನಾಗೈತೆ. ನಂಗೇ ಉಸಿರು ಕಟ್ತದೆ ಅಯ್ನೋರೇ, ಅದ್ಕೇ ಬಂದ್ಬುಟ್ಟೆ" ಎಂದು ನಗುತ್ತ ಮಾರುಕಟ್ಟೆಗೆ ನಡೆಯುತ್ತಾರೆ.

ಪೇಟೆಯ ನಡುವೆ ಮನೆ ಪಡೆದ ಪುಣ್ಯವಂತರೇ, ನಿಮ್ಮ ಜಗುಲಿಯಲ್ಲಿ ಒಂದು ಮೂಲೆಯನ್ನು ಬರಿದಾಗಿ ಬಿಡಿ, ಒಂದು ಕೊಡ ನೀರಿಡಿ. ಬಂದವರ ಗಂಟನ್ನು ಸಂಜೆಯವರೆಗೆ ಕಾಯಿರಿ; ಕೋಳಿ ಬಂದರೆ ಅದನ್ನೂ.